ಮಾಸ್ತರರ ದನಿಯಲ್ಲಿ ನನ್ನ ಪಾಲು

ಶಿರಸಿ, ಹೊರಡುವ ಮುಂಚೆ

ಪರದೇಶಕ್ಕೆ ಹೋಗಿ ಬಂದವರು ಹೇಳುವ ಮೊದಲ ಸುಳ್ಳು ಚಳಿಯದ್ದು. ಆ ಸುಳ್ಳನ್ನು ನಾನು ಹೇಳುವುದಿಲ್ಲ. ನನಗೆ ಚಳಿಯಾಗಲಿಲ್ಲ. ಪ್ರಿನ್ಸಿಪಾಲರ ಕೋಟು, ಸೋದರಮಾವನ ಸ್ವೆಟರು, ಎದುರುಮನೆಯ ಮಾಜಿ ಸೈನಿಕರ ಮಂಕಿ ಟೋಪಿ, ಹೀಗೆ ಅರ್ಧ ಶಿರಸಿಯನ್ನು ಮೈಮೇಲೆ ಹೇರಿಕೊಂಡೇ ಹೋಗಿದ್ದೆ. ನನ್ನನ್ನು ನಡುಗಿಸಿದ್ದು ಬೇರೆಯೇ ಒಂದು ಸಂಗತಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಮಾಡುವ ತಮಾಷೆಗೆಲ್ಲ ನೀವು ಸುಮ್ಮನೆ ನಕ್ಕುಬಿಡುತ್ತೀರಿ.

ನಾನು ಬನವಾಸಿ ಕಡೆಯವನು, ಹೆಸರು ಬಸವರಾಜ. ಸಿದ್ದಾಪುರದ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಎಲೆ ಹಾಕಿದ್ದಾರೆ, ಬಡಿಸುವುದು ಯಾವಾಗ ಅಂತ ಗೊತ್ತಿಲ್ಲ ಎನ್ನುವ ಸ್ಥಿತಿ. ಹೊಟ್ಟೆಪಾಡಿಗೆ ಪಾಠ, ಚಟಕ್ಕೆ ಮಿಮಿಕ್ರಿ. ಪ್ರಿನ್ಸಿಪಾಲರು, ಬಸ್ ಕಂಡಕ್ಟರು, ನಮ್ಮ ಅವ್ವ, ಯಾರನ್ನೂ ಬಿಟ್ಟಿಲ್ಲ. ಎಲ್ಲರಿಗಿಂತ ಚೆನ್ನಾಗಿ ನಾನು ತೆಗೆಯುವುದು ಗಜಾನನ ಮಾಸ್ತರರ ದನಿ.

ಮಾಸ್ತರರು ನನಗೆ ಇತಿಹಾಸ ಕಲಿಸಿದವರು, ತಾಳಮದ್ದಲೆಯಲ್ಲಿ ಪಾತ್ರಗಳ ಮಾತು ಹೇಳುವ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆಯುಟ್ಟು ಚಾಪೆಯ ಮೇಲೆ ಕೂತು ಬಾಯಲ್ಲೇ ಕುರುಕ್ಷೇತ್ರ ಮಾಡುತ್ತಿದ್ದರು. ಕ್ಲಾಸಿನಲ್ಲಿ ಯಾವ ಶಾಸನ ಓದಿಸಿದರೂ ಮೊದಲ ಪ್ರಶ್ನೆ ಒಂದೇ: ಇದನ್ನು ಹೇಳಿದ್ದು ಯಾರು, ಯಾರಿಗೆ? ಎರಡು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆ ತೆಗೆಸಬೇಕಾಯಿತು. ಈಗ ಯಲ್ಲಾಪುರದಲ್ಲಿ ಒಂದು ಹಿಟ್ಟಿನ ಗಿರಣಿಯ ಹಿಂದಿನ ಬಾಡಿಗೆ ಮನೆಯಲ್ಲಿ ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಕೂತಿರುತ್ತಾರೆ. ಮಾತಾಡುತ್ತಿದ್ದಾಗ ಅವರದು ಅಪ್ಪಟ ಹವ್ಯಕರ ಮನೆಮಾತು. ಆದರೆ ಬಳಪ ಹಿಡಿದರೆ ಕೈಗೆ ಬರುವುದು ಪುಸ್ತಕದ ಕನ್ನಡ. ಗಂಟಲಿನ ಜೊತೆ ಮನೆಮಾತೂ ಹೋಯಿತು.

ಎಸ್ಟೋನಿಯಾ ಎಂಬ ದೇಶದ ತಾರ್ತು ಎಂಬ ಊರಿನಲ್ಲಿ ಭಾಷೆ, ಸಾಹಿತ್ಯ, ಇತಿಹಾಸ ಕಲಿಸುವವರದ್ದೊಂದು ಕೂಟ, ಅದಕ್ಕೆ ನನಗೂ ಕರೆ ಬಂದಿತ್ತು. ಎಐ ಎಂಬ ಯಂತ್ರ ನಮ್ಮ ಕ್ಲಾಸುಗಳಿಗೆ ಏನು ಮಾಡುತ್ತಿದೆ ಎಂದು ಮೂರು ದಿನ ಕೂತು ಮಾತಾಡುವುದು. ಜೊತೆಗೆ ಅವರದೊಂದು ಕೆಲಸವಿತ್ತು. ಸಣ್ಣ ಊರುಗಳ ಒಳ್ಳೆಯ ಮೇಷ್ಟ್ರುಗಳ ದನಿಯನ್ನು ಯಂತ್ರಕ್ಕೆ ಕಲಿಸಿ, ಅದೇ ದನಿಯಲ್ಲಿ ಹೊಸ ಪಾಠಗಳನ್ನು ಹೇಳಿಸುವುದು. ಮಾಸ್ತರರ ಒಪ್ಪಿಗೆ ಬರೆಸಿಕೊಂಡು ಅವರ ತಾಳಮದ್ದಲೆಯ ಕ್ಯಾಸೆಟ್ಟುಗಳನ್ನೆಲ್ಲ ನಕಲು ಮಾಡಿ ಕಳಿಸಿದೆ. ಉತ್ತರ ಬಂತು: ಇದೆಲ್ಲ ವೇದಿಕೆಯ ಮಾತು, ದಿನನಿತ್ಯ ಆಡುವ ಮಾತು ಒಂದು ಗಂಟೆಯಷ್ಟಾದರೂ ಬೇಕು, ಅದಿಲ್ಲದೆ ಆಗುವುದಿಲ್ಲ. ಮಾಸ್ತರರಿಗೋ ಆಗಲೇ ದನಿಯೇ ಇರಲಿಲ್ಲ.

ಬೇರೆಯವರಾಗಿದ್ದರೆ ‘ಇಲ್ಲ’ ಎಂದು ಬರೆಯುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು, ಕಿಟಕಿಗೆ ಕಂಬಳಿ ಹೊದಿಸಿ, ಫೋನು ಮುಂದಿಟ್ಟುಕೊಂಡು ಒಂದು ಗಂಟೆ ಮಾಸ್ತರರಾದೆ. ಚಾ ಕೇಳಿದೆ, ಹುಡುಗರನ್ನು ಬೈದೆ, ಸಂತೆಯಲ್ಲಿ ಸೌತೆಕಾಯಿ ಚೌಕಾಸಿ ಮಾಡಿದೆ. ಕಳಿಸಿಬಿಟ್ಟೆ. ಗುರುಸೇವೆ ಅಂತ ನನಗೆ ನಾನೇ ಹೇಳಿಕೊಂಡೆ.

ಕೂಟದ ಮೂರನೆಯ ದಿನ ಆ ದನಿಯನ್ನು ಮೊದಲ ಬಾರಿ ಕೇಳಿಸುವವರಿದ್ದರು, ಆಮೇಲೆ ‘ಇದೆಲ್ಲವೂ ಗಜಾನನ ಮಾಸ್ತರರದೇ’ ಎಂದು ನಾನು ರುಜು ಹಾಕಬೇಕಿತ್ತು. ಹಾಕಿದ ಮೇಲೆ ದನಿ ಶಾಲೆಗಳಿಗೆ ಹೋಗುತ್ತದೆ, ವಾಪಸು ಕರೆಯಲು ಬರುವುದಿಲ್ಲ. ಹಾಕದಿದ್ದರೆ ಏನೆಂದು ಹೇಳುವುದು? ನನ್ನ ನಡುಕ ಇದು.

ಹೊರಡುವ ಹಿಂದಿನ ದಿನ ಯಲ್ಲಾಪುರಕ್ಕೆ ಹೋಗಿದ್ದೆ. ಮಾಸ್ತರರ ಹೆಂಡತಿ ಸುಶೀಲಕ್ಕ ನನಗೆ ಪಾಯಸದಂಥ ಚಾ ಕೊಟ್ಟು, ಮಾಸ್ತರರಿಗೆ ಸಕ್ಕರೆಯಿಲ್ಲದ್ದು ಬೇರೆ ತಂದಿಟ್ಟರು.

“ಬಪ್ಪಕ್ಕಾರೆ ಇವ್ರ ದನಿ ತತ್ತೆ ಅಲ್ದಾ ತಮಾ?” ಎಂದರು, ಬರುವಾಗ ತರುತ್ತೀ ಅಲ್ಲವೇ ತಮ್ಮಾ ಎಂದು. “ಮನೇಲಿ ಮಾತಾಡ್ದಾಂಗೆ ಇರವು ಮತ್ತೆ. ಕೃಷ್ಣನ ಅರ್ಥ ಎಲ್ಲ ಯಂಗೆ ಬ್ಯಾಡ. ಆನೆಂತ ಕೃಷ್ಣನ ಜೊತೆ ಸಂಸಾರ ಮಾಡಿದ್ನಿಲ್ಲೆ.”

ಮಾಸ್ತರರು ಭುಜ ಕುಣಿಸಿ ನಕ್ಕರು. ದನಿಯಿಲ್ಲದ ನಗು ನೋಡಲು ಅಳುವಿನ ಹಾಗೇ ಇರುತ್ತದೆ. ಆಮೇಲೆ ಸ್ಲೇಟಿನ ಮೇಲೆ ಬರೆದು ನನ್ನತ್ತ ತಿರುಗಿಸಿದರು: ‘ಕಂಡದ್ದನ್ನು ಬರೆ. ಕೇಳಿದ್ದನ್ನು, ಯಾರು ಹೇಳಿದರೆಂದು ವಿಚಾರಿಸಿ ಬರೆ.’

ಗಡಿಯ ಕಿಟಕಿ

ವಿಮಾನ ಇಳಿದ ಮೇಲೆ ಒಂದು ಗಾಜಿನ ಕಿಟಕಿ. ಒಳಗೆ ಬಿಳಿ ಹುಬ್ಬಿನ ಹೆಂಗಸು, ಪಕ್ಕದಲ್ಲೊಂದು ಕ್ಯಾಮೆರಾ. ಯಾಕೆ ಬಂದಿರಿ ಎಂದರು. ಎಐ ಬಗ್ಗೆ ಮಾತಾಡಲು ಎಂದೆ. ಇಂಜಿನಿಯರಾ? ಅಲ್ಲ, ಭಾಷೆಯ ಮೇಷ್ಟ್ರು. ಆಕೆ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಬೆಂಕಿ ಬಿದ್ದ ಮನೆಗೆ ಛತ್ರಿ ಹಿಡಿದು ಬಂದವನನ್ನು ನೋಡಿದ ಹಾಗೆ.

ಕ್ಯಾಮೆರಾ ನನ್ನನ್ನು ಒಪ್ಪಲಿಲ್ಲ. ಟೋಪಿ ತೆಗೆಸಿದರು. ಆಗಲೂ ಒಪ್ಪಲಿಲ್ಲ. ಪಾಸ್‌ಪೋರ್ಟಿನ ಫೋಟೋದಲ್ಲಿ ನಾನು ನಮ್ಮ ಪ್ರಿನ್ಸಿಪಾಲರ ಗಂಭೀರ ಮುಖ ಹಾಕಿಕೊಂಡು ಕೂತಿದ್ದೆ, ಅದು ಈಗ ನೆನಪಾಗಿ ಅದನ್ನೇ ಹಾಕಿದೆ. ಇಲ್ಲ. ಕಂಡಕ್ಟರನದ್ದು ಹಾಕಿದೆ. ಅದೂ ಇಲ್ಲ.

“ಯಾವುದೂ ಬೇಡ. ಸುಮ್ಮನೆ ನಿಮ್ಮ ಮುಖ ಇಡಿ,” ಎಂದರು ಆಕೆ.

ಹಿಂದೆ ಸಾಲು ಬೆಳೆಯಿತು. ನನ್ನದು ಯಾವುದೆಂದು ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಕೊನೆಗೆ ಆಕೆ ಯಂತ್ರವನ್ನು ಬಿಟ್ಟು ಕಣ್ಣಿನಿಂದಲೇ ನೋಡಿ ಮುದ್ರೆ ಒತ್ತಿದರು.

ತಾರ್ತು, ಮೊದಲ ದಿನ

ಸಣ್ಣ ಊರು, ನಡುವೆ ಒಂದು ಹೊಳೆ. ಅದರ ಹೆಸರಿನ ಅರ್ಥ ತಾಯಿಹೊಳೆ ಅಂತೆ. ನವೆಂಬರಿನ ಸೂರ್ಯ ಅಲ್ಲಿ ಅತಿಥಿ ಉಪನ್ಯಾಸಕ: ತಡವಾಗಿ ಬರುತ್ತಾನೆ, ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತಂತೆ ಮಾಡುತ್ತಾನೆ, ನಾಲ್ಕು ಗಂಟೆಯೊಳಗೆ ಯಾರಿಗೂ ಹೇಳದೆ ಹೊರಟುಬಿಡುತ್ತಾನೆ.

ನನ್ನನ್ನು ಎದುರುಗೊಂಡವರು ಕಾಯಾ ಎಂಬವರು. ಅಲ್ಲಿಯ ಹೈಸ್ಕೂಲಿನ ಸಾಹಿತ್ಯದ ಟೀಚರು, ಐವತ್ತರ ಆಸುಪಾಸು, ಕೂಟವನ್ನು ನಡೆಸುವವರು. ಮಾತಿಗೆ ಮೊದಲೇ ಚೀಲದಿಂದ ಹೊಳೆಯುವ ಬಿಲ್ಲೆಯೊಂದನ್ನು ತೆಗೆದು ನನ್ನ ಕೋಟಿಗೆ ಪಿನ್ನು ಚುಚ್ಚಿ ನೇತುಹಾಕಿದರು. ಕತ್ತಲಲ್ಲಿ ನಡೆಯುವವರು ಗಾಡಿಗಳ ಕಣ್ಣಿಗೆ ಬೀಳಲೆಂದು ಅಲ್ಲಿ ಅದು ಕಾನೂನು. ಅಜ್ಜಿಯರೂ ಮಕ್ಕಳೂ ಒಂದೊಂದು ನೇತಾಡಿಸಿಕೊಂಡೇ ನಡೆಯುತ್ತಾರೆ. ಅರಬೈಲ್ ಘಟ್ಟ ಹತ್ತುವ ಲಾರಿಯ ಹಿಂದೆ ಇರುತ್ತದಲ್ಲ, ಅದೇ ಮಿಣುಕು. ಬೆನ್ನಿಗೆ ‘ಹಾರ್ನ್ ಮಾಡಿ’ ಎಂದು ಬರೆಸಿಕೊಳ್ಳುವುದೊಂದು ಬಾಕಿ.

ಅಲ್ಲಿಯವರು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮೊದಲು ಒಂದು ಮೌನ ಇಡುತ್ತಾರೆ. ಆ ಮೌನದಷ್ಟು ಹೊತ್ತಿನಲ್ಲಿ ಶಿರಸಿಯ ಬಸ್ಸಿನ ಪಕ್ಕದ ಸೀಟಿನವರು ನನ್ನ ಊರು, ಕೆಲಸ ಖಾಯಮ್ಮೋ ಅಲ್ಲವೋ, ತಂಗಿಗೆ ಗಂಡು ಗೊತ್ತಾಯಿತೋ ಇಲ್ಲವೋ ಮೂರನ್ನೂ ಕೇಳಿ ಮುಗಿಸಿರುತ್ತಾರೆ. ಖಾಲಿ ರಸ್ತೆಯಲ್ಲೂ ಹಸಿರು ದೀಪ ಬರುವ ತನಕ ನಿಲ್ಲುತ್ತಾರೆ. ನಾನೂ ನಿಂತೆ. ಹತ್ತು ಜನ, ಒಂದೂ ಗಾಡಿಯಿಲ್ಲ, ಒಂದೂ ಮಾತಿಲ್ಲ, ಹತ್ತು ಬಿಲ್ಲೆಗಳು ಗಾಳಿಗೆ ತಿರುಗುತ್ತಿದ್ದವು. ಯಾರೋ ಸತ್ತಿದ್ದಾರೆ, ನನಗೊಬ್ಬನಿಗೆ ಹೇಳಿಲ್ಲ ಎನ್ನಿಸಿತು.

ಕೂಟ ನಡೆದದ್ದು ಹಳೆಯ ಶಾಲೆಯ ಮಹಡಿಯಲ್ಲಿ. ನಮ್ಮ ಹಾಗೇ ಬಾಗಿಲಲ್ಲಿ ಬೂಟು ಬಿಡಬೇಕು. ಅಯ್ಯೋ ನಮ್ಮೂರೇ ಅಂತ ಹಿಗ್ಗಿ ಬಿಟ್ಟೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಬಂದು ಸಭೆಗೆ ನಮಸ್ಕಾರ ಹೇಳಿತು. ಇಪ್ಪತ್ತು ಮಂದಿ ಮೇಷ್ಟ್ರುಗಳು, ಎಲ್ಲರೂ ನೋಡಿದರು, ಯಾರೂ ನಗಲಿಲ್ಲ. ನಕ್ಕಿದ್ದರೆ ಸಮಾಧಾನವಾಗುತ್ತಿತ್ತು.

ಕಾಯಾ ಮೊದಲು ಮಾತಾಡಿದರು. “ಮೊದಲೆಲ್ಲ ಮಕ್ಕಳ ಪ್ರಬಂಧ ತಿದ್ದುವಾಗ ಹೆಸರು ನೋಡುತ್ತಿರಲಿಲ್ಲ. ತಪ್ಪು ನೋಡಿದರೆ ಯಾರದೆಂದು ಗೊತ್ತಾಗುತ್ತಿತ್ತು. ಈಗ ತಪ್ಪುಗಳಿಲ್ಲ. ಹೆಸರು ನೋಡಿದರೂ ಯಾರೆಂದು ಗೊತ್ತಾಗುವುದಿಲ್ಲ. ಅದಕ್ಕೇ ಕ್ಲಾಸಿನಲ್ಲೇ ಕೂರಿಸಿ ಕೈಯಿಂದ ಬರೆಸುತ್ತೇನೆ. ಬೆಂಚುಗಳ ನಡುವೆ ಓಡಾಡುತ್ತಾ ಕಾಯುತ್ತೇನೆ. ಇಷ್ಟು ವರ್ಷ ಟೀಚರಾಗಿದ್ದೆ, ಈಗ ಕಾವಲುಗಾರಳಾಗಿದ್ದೇನೆ.”

ಆಮೇಲೆ ಎದ್ದವರು ನೋದಾರ್, ಜಾರ್ಜಿಯಾ ದೇಶದ ಇತಿಹಾಸದ ಮೇಷ್ಟ್ರು. ಎಪ್ಪತ್ತರ ಮುದುಕ, ಮೀಸೆಯೇ ಒಂದು ಊರಿನಷ್ಟಿತ್ತು. ಅವರ ಇಂಗ್ಲಿಷು ಒರಟು, ಅಂತಃಕರಣದ್ದು. ಅದನ್ನು ನಮ್ಮ ಬನವಾಸಿ ಕಡೆಯ ಬಾಯಲ್ಲಲ್ಲದೆ ಬೇರೆಯದರಲ್ಲಿ ಬರೆಯಲು ನನಗೆ ಬರುವುದಿಲ್ಲ.

“ನಮ್ಮ ಹುಡುಗ್ರು ಯಂತ್ರದಾಗ ಸತ್ತ ರಾಜರನ್ನ ಮಾತಾಡಸ್ತಾರ,” ಎಂದರು. “ಆ ರಾಜ ಎಷ್ಟ ಸಂಭಾವಿತ ಅಂತೀರಿ. ಭಾಳ ಚೊಲೋ ಪ್ರಶ್ನಿ ಕೇಳಿದಿ ಮಗನ, ಅಂತಾನ. ಬದುಕಿದ್ದಾಗ ಪ್ರಶ್ನಿ ಕೇಳಿದವನ ನಾಲಗಿ ಕೀಳಸ್ತಿದ್ದ ಅಂವ. ಯಂತ್ರ ಸುಳ್ಳು ಹೇಳ್ತದ ಅಂತ ನನಗೇನು ಅಂಜಿಕಿಲ್ಲ. ಸುಳ್ಳು ಹೇಳವ್ರು ಹಿಂದೂ ಇದ್ರು. ಆದ್ರ ಸುಳ್ಳು ಹೇಳಿದವಂಗ ಒಂದು ಮನಿ ಇರ್ತಿತ್ತು. ಹೋಗಿ ಬಾಗಲಾ ಬಡೀಬಹುದಿತ್ತು. ಇದರ ಮನಿ ಎಲ್ಲೈತಿ?”

ನಾನು ಹೆಬ್ಬೆರಳನ್ನು ನೋಡಿಕೊಂಡು ಕೂತಿದ್ದೆ. ಈ ಸುಳ್ಳಿಗೆ ಮನೆಯಿದೆ, ಶಿರಸಿಯ ಬನವಾಸಿ ರಸ್ತೆ, ಕಿಟಕಿಗೆ ಕಂಬಳಿ.

ನನ್ನ ಸರದಿ ಬಂದಾಗ ಸಿದ್ದಾಪುರದ ಕ್ಲಾಸಿನ ಕಥೆ ಹೇಳಿದೆ. ‘ನಮ್ಮೂರ ನೀರು’ ಎಂದು ಬರೆದು ತನ್ನಿ ಅಂದಿದ್ದೆ. ಹೇರೂರಿನವರು, ತ್ಯಾಗಲಿಯವರು, ಪೇಟೆಯವರು ಎಲ್ಲರೂ ತಂದರು. ಎಲ್ಲರ ಊರಿನಲ್ಲೂ ‘ಮಂಜು ಮುಸುಕಿದ ಬೆಟ್ಟಗಳ ಮಡಿಲಿನಿಂದ ಜುಳುಜುಳು ಹರಿಯುವ ಜೀವಜಲ’. ತ್ಯಾಗಲಿಯ ಹುಡುಗಿಯೊಬ್ಬಳನ್ನು ಎಬ್ಬಿಸಿ, ಈ ಜುಳುಜುಳು ನಿಮ್ಮನೆಯಲ್ಲಿ ಎಲ್ಲಿ ಕೇಳಿಸುತ್ತದೆ ಅಂದೆ. “ಎಲ್ಲೂ ಇಲ್ಲ ಸರ್. ನಮ್ಮನೆಗೆ ಬರೂದು ಬೋರಿನ ನೀರು, ದಿನ ಬಿಟ್ಟು ದಿನ. ಮೋಟ್ರು ಗುಂಯ್ ಅಂತದೆ,” ಅಂದಳು. ಆ ಮೋಟರನ್ನು ಯಾಕೆ ಬರೆಯಲಿಲ್ಲ ಅಂತ ಯಂತ್ರದ ನಯವಾದ ದನಿ ತೆಗೆದು ಅವಳನ್ನು ಅಣಕಿಸಿದೆ. ಕ್ಲಾಸೆಲ್ಲ ನಕ್ಕಿತು. ಅವಳು ನಗಲಿಲ್ಲ.

“ಸರ್, ನೀವು ಬೇರೆಯವ್ರ ದನಿ ತೆಗೆದ್ರೆ ಚಪ್ಪಾಳೆ. ನಾವು ಬೇರೆ ಕಡೆ ಮಾತು ತಂದ್ರೆ ಮಾರ್ಕ್ಸ್ ಕಟ್. ಇದೆಂತ ನ್ಯಾಯ?”

ಸಭೆಯಲ್ಲಿ ಇದನ್ನು ಅಭಿನಯ ಮಾಡಿಯೇ ಹೇಳಿದೆ. ಮೌನ ಮುಗಿದ ಮೇಲೆ ಎಲ್ಲರೂ ನಕ್ಕರು. ನೀವು ಏನು ಉತ್ತರ ಕೊಟ್ಟಿರಿ ಎಂದು ಕಾಯಾ ಕೇಳಿದರು. ಗಂಟೆ ಹೊಡೆಯಿತು ಎಂದೆ. ಅದಕ್ಕೂ ನಕ್ಕರು. ಗಂಟೆ ಹೊಡೆದಿರಲಿಲ್ಲ. ಇನ್ನೂ ಹದಿನೈದು ನಿಮಿಷ ಇತ್ತು.

ಎರಡನೆಯ ದಿನ, ಕಾಯಾರ ಅಣ್ಣನ ಮನೆ

ಮಧ್ಯಾಹ್ನದ ಮೇಲೆ ಎಲ್ಲರನ್ನೂ ಊರಾಚೆಯ ತನ್ನ ಅಣ್ಣನ ಮನೆಗೆ ಕಾಯಾ ಕರೆದೊಯ್ದರು. ಮಾಂಸ ತಿನ್ನದ ನನಗೆಂದು ಅಲ್ಲಿ ಒಂದು ಬಟ್ಟಲು ಇಟ್ಟಿದ್ದರು: ಹುರಿದ ಕಾಳು, ಧಾನ್ಯಗಳ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿದ್ದು. ಬಾಯಿಗಿಟ್ಟೆ, ನಮ್ಮ ಹುರಿಹಿಟ್ಟು. ಎರಡು ದಿನದಲ್ಲಿ ಮೊದಲ ಬಾರಿಗೆ ಅವ್ವನ ನೆನಪಾಗಿ, ಬಡಿಸಿದವರಿಗೆ ಕನ್ನಡದಲ್ಲೇ “ಇನ್ನೊಂದು ಚೂರು ಹಾಕ್ರಿ” ಅಂದೆ. ಹಾಕಿದರು.

ಆಮೇಲೆ ಸೌನಾ. ನಮ್ಮ ಬಚ್ಚಲುಮನೆಯನ್ನು ಹಂಡೆಯೊಳಗೇ ಕಟ್ಟಿದರೆ ಸೌನಾ ಆಗುತ್ತದೆ. ಮರದ ಕೋಣೆ, ಕಾದ ಕಲ್ಲು, ಕಲ್ಲಿಗೆ ನೀರು ಎರಚಿದರೆ ಬರುವ ಹಬೆ, ಎಲೆಯಿರುವ ಬರಲಿನಿಂದ ಬೆನ್ನಿಗೆ ಪೆಟ್ಟು. ಗಂಡಸರ ಸರದಿಯಲ್ಲಿ ಎಲ್ಲರೂ ಹುಟ್ಟಿದ ಹಾಗೆ ಬಂದು ಕೂತರು. ನಾನು ಎರಡು ಟವೆಲು ಸುತ್ತಿಕೊಂಡು ಮದುಮಗನ ಹಾಗೆ ಒಳಗೆ ಹೋದೆ. ಒಂದು ನಿಮಿಷ ಆಗುವಷ್ಟರಲ್ಲಿ ಕೊರಳಿನಲ್ಲಿದ್ದ, ಲಿಂಗವಿಡುವ ಬೆಳ್ಳಿಯ ಕರಡಿಗೆ ಕಾದು ಎದೆಗೆ ಚುರುಕ್ಕೆಂದಿತು.

“ಅದೇನದು, ಯಂತ್ರನ?” ಎಂದರು ನೋದಾರ್.

“ಅಲ್ಲ, ಲಿಂಗ. ನಮ್ಮ ದೇವರು.”

“ತಗದಿಡು ಮತ್ತ. ಸುಡಾಕತ್ಯಾನ.”

“ತೆಗೆಯುವಂತಿಲ್ಲ,” ಎಂದು ಒದ್ದೆ ಬಟ್ಟೆಯನ್ನು ಅದರ ಕೆಳಗೆ ಇಟ್ಟುಕೊಂಡೆ. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೊರಗಿನ ಕೊಳಕ್ಕೆ ಬೀಳಲು ಹೋದರು. ನಾವಿಬ್ಬರೇ ಉಳಿದೆವು. ಹಬೆಯಲ್ಲಿ ಅವರ ಮೀಸೆ ಮಾತ್ರ ಕಾಣುತ್ತಿತ್ತು. ಮೀಸೆಗೆ ಹೇಳುವುದು ಮನುಷ್ಯನಿಗೆ ಹೇಳುವುದಕ್ಕಿಂತ ಸುಲಭ. ಎಲ್ಲ ಹೇಳಿಬಿಟ್ಟೆ: ಕ್ಯಾಸೆಟ್ಟು, ಕಂಬಳಿ, ಒಂದು ಗಂಟೆ.

ನೋದಾರ್ ಕಲ್ಲಿಗೆ ಇನ್ನೊಂದಿಷ್ಟು ನೀರು ಎರಚಿದರು. “ನಿಮ್ಮ ಮಾಸ್ತರ ಏನಂತಾರ?”

“ಅವರಿಗೆ ಗೊತ್ತಿಲ್ಲ.”

“ಇತಿಹಾಸ ಕಲಿಸಿದ ಮನಶಾನ್ನ ಹಿಡದು ಖೊಟ್ಟಿ ದಾಖಲೆ ಮಾಡಿದಿ ನೀನು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹಾಗಾಗಿ ತಪ್ಪಿಸಿಕೊಳ್ಳಲು ಎಲ್ಲೂ ಸಂದಿಯಿರಲಿಲ್ಲ. “ನನ್ನ ಮುಂದ ಹೇಳಿ ಹಗೂರ ಆಗಬ್ಯಾಡ. ನಾಳೆ ಎಲ್ಲಾರ ಮುಂದ ಎದ್ದ ನಿಂತು ಹೇಳು.”

ಎದ್ದು ಹೋಗಿ ಅವರೂ ಕೊಳಕ್ಕೆ ಬಿದ್ದರು. ಕಲ್ಲಿನ ಮೇಲೆ ಎರಚಿದ ನೀರು ಆರುವ ತನಕ ಕೂತಿದ್ದೆ. ಎದೆಯ ಮೇಲೆ ಗುಂಡಗೆ ಒಂದು ಕೆಂಪು ಗುರುತು, ಈಗಲೂ ಇದೆ.

ಮೂರನೆಯ ದಿನ

ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಒಂದು ರಾಡಿ ಬೀಳುತ್ತಿತ್ತು. ಒಳಗೆ ಮೇಜಿನ ಮೇಲೆ ಒಂದು ಸ್ಪೀಕರು. ಕಾಯಾ ಗುಂಡಿ ಒತ್ತಿದರು. ಶಾಸನ ಓದುವುದು ಹೇಗೆಂಬ ಪಾಠ. ಮಾಸ್ತರರು ಎಂದೂ ಹೇಳದ ವಾಕ್ಯಗಳು, ಮಾಸ್ತರರ ದನಿಯಲ್ಲಿ. ಎದುರಿನ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಅರ್ಥ ಮೂಡುತ್ತಿತ್ತು.

ಮೊದಲ ಉಸಿರಿಗೇ ನನ್ನ ಕಣ್ಣು ತುಂಬಿತು. ಕಠಿಣ ಪದಕ್ಕೆ ಮೊದಲು ಅವರು ಸಣ್ಣಗೆ ನಿಲ್ಲುತ್ತಿದ್ದರು, ದೋಣಿ ಹತ್ತುವವರ ಹಾಗೆ. ಅದು ಇತ್ತು. ಆಮೇಲೆ ಬಂತು: “ಅದು ಹಾಂಗಲ್ದೋ ತಮಾ.” ಮೂರು ವಾಕ್ಯ ಆದ ಮೇಲೆ ಮತ್ತೆ, “ಅದು ಹಾಂಗಲ್ದೋ ತಮಾ.” ಇನ್ನೂ ಮೂರು ವಾಕ್ಯ, ಮತ್ತೆ ಅದೇ.

ಈ ಮಾತನ್ನು ಮಾಸ್ತರರು ವರ್ಷಕ್ಕೆ ಒಂದೆರಡು ಸಲ ಹೇಳುತ್ತಿದ್ದರೇನೋ. ಯಾರಿಗೆ ಹೇಳಿದರೋ ಅವರು ಅದನ್ನು ಜನ್ಮವಿಡೀ ಇಟ್ಟುಕೊಳ್ಳುತ್ತಿದ್ದರು. ಆದರೆ ನಾನು ಅವರ ದನಿ ತೆಗೆಯುವಾಗ ಮಾತುಮಾತಿಗೂ ಅದನ್ನು ಹಾಕುತ್ತೇನೆ, ಜನ ನಗುವುದೇ ಅದಕ್ಕೆ. ಮಿಮಿಕ್ರಿಯವರ ಕಸುಬೇ ಅದು, ಮನುಷ್ಯನ ಒಂದು ಮಚ್ಚೆಯನ್ನು ಹಿಡಿದು ಮುಖದಷ್ಟು ದೊಡ್ಡದು ಮಾಡುವುದು. ನೋಡುವವರಿಗೆ ಅದು ತಮಾಷೆಯೆಂದು ಗೊತ್ತಿರುತ್ತದೆ. ಯಂತ್ರಕ್ಕೆ ಗೊತ್ತಿರಲಿಲ್ಲ. ಅದು ನನ್ನನ್ನು ನಂಬಿತ್ತು.

ಪಾಠ ಮುಗಿಯಿತು. ಚಪ್ಪಾಳೆ. ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ನೋದಾರ್ ನನ್ನತ್ತ ನೋಡಲಿಲ್ಲ. ಎದ್ದು ನಿಂತೆ.

“ಇದರಲ್ಲಿ ಸ್ವಲ್ಪ ಭಾಗ ನಾನು,” ಎಂದೆ. “ಮನೆಮಾತಿನ ಆ ಒಂದು ಗಂಟೆ ಮಾಸ್ತರರಲ್ಲ. ನಾನೇ ಅವರ ಹಾಗೆ ಮಾತಾಡಿ ಕಳಿಸಿದ್ದು.”

ನಂಬಿಸಲೆಂದು ಅಲ್ಲೇ ಮಾಸ್ತರರ ದನಿ ತೆಗೆದೆ. ಸ್ಪೀಕರು ಹೇಳಿದ ಕೊನೆಯ ವಾಕ್ಯವನ್ನು ಅದೇ ಏರಿಳಿತದಲ್ಲಿ ಹೇಳಿ, ಕಡೆಗೆ “ಅದು ಹಾಂಗಲ್ದೋ ತಮಾ” ಎಂದೆ. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಗುರುವಿನ ದನಿ ಯಂತ್ರದಲ್ಲೂ ಇದೆ, ಶಿಷ್ಯನಲ್ಲೂ ಇದೆ, ಎಂಥ ಪರಂಪರೆ ಎಂದು ಯಾರೋ ಹೇಳಿದರು. ಒಬ್ಬರು ನನ್ನ ಕೈ ಕುಲುಕಿ, ನಿಮ್ಮ ವಿನಯ ದೊಡ್ಡದು ಎಂದರು. ಮೂರು ದಿನದಿಂದ ತಮಾಷೆ ಮಾಡಿಕೊಂಡು ಬಂದವನು ನಿಜ ಹೇಳಿದರೆ ಅದೂ ಒಂದು ಐಟಂ ಆಗುತ್ತದೆ.

ಕಾಯಾ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರೂ ಕಾಫಿಗೆ ಹೋದ ಮೇಲೆ ರುಜುವಿನ ಹಾಳೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

“ನಿಜವೇ?”

“ನಿಜ.”

ಕಾಯಾ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. “ಆ ಒಂದು ಗಂಟೆಯನ್ನು ತೆಗೆದರೆ ಉಳಿಯುವುದು ವೇದಿಕೆಯ ಮಾತು. ಅದರಿಂದ ಈ ದನಿ ಆಗುವುದಿಲ್ಲ. ತೆಗೆಯುವುದಾದರೆ ಪೂರ್ತಿ ತೆಗೆಯಬೇಕು. ಇಡುವುದಾದರೆ ಸುಳ್ಳನ್ನು ಇಟ್ಟಂತೆ.” ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. “ನೀವು ರುಜು ಹಾಕಬೇಡಿ. ನಾನೂ ತೀರ್ಮಾನ ಮಾಡುವುದಿಲ್ಲ. ದನಿ ಅವರದು. ಅವರಿಗೆ ಕೇಳಿಸಿ, ಅವರು ಹೇಳಿದಂತೆ ಮಾಡೋಣ.”

ಫೋನಿಗೆ ಆ ಪಾಠವನ್ನು ಹಾಕಿಕೊಟ್ಟರು. ಬೀಳ್ಕೊಡುವಾಗ ನಾನು ಬಿಲ್ಲೆ ಬಿಚ್ಚಿ ವಾಪಸು ಕೊಡಲು ಹೋದೆ. ಇಟ್ಟುಕೊಳ್ಳಿ ಎಂದರು, ನಿಮ್ಮ ಕಡೆ ಕತ್ತಲಾಗುವುದಿಲ್ಲವೇ?

ಯಲ್ಲಾಪುರ

ಊರಿಗೆ ಬಂದ ಮರುದಿನವೇ ಬಸ್ಸು ಹತ್ತಿದೆ. ಗಿರಣಿ ಓಡುತ್ತಿತ್ತು, ಮನೆಯ ಮೆಟ್ಟಿಲ ಮೇಲೆಲ್ಲ ಹಿಟ್ಟಿನ ಪುಡಿ. ಕರೆಂಟು ಹೋಗಿ ಗಿರಣಿ ನಿಲ್ಲುವ ತನಕ ಆ ದೇಶದ ಬಿಲ್ಲೆ, ಸೌನಾ, ಹೆಬ್ಬೆರಳು ಎಲ್ಲ ಹೇಳಿ ನಗಿಸಿದೆ. ನಿಂತ ಮೇಲೆ ಹೇಳಲು ಅದೊಂದೇ ಉಳಿದಿತ್ತು. ಫೋನು ತೆಗೆದು ಕೇಳಿಸಿದೆ.

ಸುಶೀಲಕ್ಕ ಸೆರಗಿಗೆ ಕೈ ಒರೆಸುತ್ತಾ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. “ಅಯ್ಯ, ಇವ್ರೇಯ,” ಎಂದರು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡರು.

ಅವರು ಅಳುವುದು ಮುಗಿಯಲೆಂದು ಕಾದರೆ ನಾನು ಎಂದೂ ಹೇಳುವುದಿಲ್ಲ ಎನ್ನಿಸಿ, ಅಳುತ್ತಿರುವಾಗಲೇ ಹೇಳಿದೆ.

“ಹಾಂಗಾರೆ ಆನು ಈಗ ಕೇಳಿದ್ದು ನಿನ್ನನ್ನ?”

“ಅರ್ಧ ಅವರು, ಅರ್ಧ ನಾನು, ಸುಶೀಲಕ್ಕ.”

ಮಾಸ್ತರರು ಬಳಪ ತೆಗೆದುಕೊಂಡರು. ಬೈಗುಳ ಬರಲಿ ಎಂದು ಕಾದೆ. ‘ಯಾವ ಅರ್ಧ?’ ಎಂದು ಬರೆದರು.

ಮೊದಲಿನಿಂದ ಹಾಕಿ, ವಾಕ್ಯಕ್ಕೊಂದು ಸಲ ನಿಲ್ಲಿಸುತ್ತಾ ಬಂದೆ. ಈ ನಿಲುಗಡೆ ನೀವು ಸರ್. ಈ ರಾಗ ನಾನು. ಇದು ನೀವು. ಐದನೆಯ ವಾಕ್ಯಕ್ಕೆ ಬಂದಾಗ ನನಗೇ ಗೊತ್ತಾಗಲಿಲ್ಲ. ಅವರ ಮುಖ ನೋಡಿದೆ. ಅವರು ಕಿವಿಯನ್ನು ಫೋನಿನ ಹತ್ತಿರ ತಂದು ಎರಡು ಸಲ ಕೇಳಿದರು, ತಲೆಯಾಡಿಸಿದರು. ಅವರಿಗೂ ಗೊತ್ತಾಗಲಿಲ್ಲ.

‘ಹಾಂಗಲ್ದೋ ತಮಾ’ ಮೂರನೆಯ ಸಲ ಬಂದಾಗ ಬರೆದರು: ‘ನಾನು ಇಷ್ಟು ಸಲ ಹೇಳುತ್ತಿದ್ದೆನೆ?’

“ಇಲ್ಲ ಸರ್. ನನಗೆ ಒಂದೇ ಸಲ ಹೇಳಿದ್ದು. ನಮ್ಮೂರ ಕೆರೆಯ ಬಗ್ಗೆ ಗೈಡಿನಿಂದ ಕದ್ದು ಬರೆದಿದ್ದೆ. ಅದು ಹಾಂಗಲ್ದೋ ತಮಾ, ನಿಂಗೆ ಕಂಡಿದ್ದೆಂತ ಹೇಳು ಅಂದಿದ್ರಿ.”

ಅದನ್ನು ನಾನು ನನ್ನದೇ ದನಿಯಲ್ಲಿ ಹೇಳಿದೆ. ಮಾಸ್ತರರು ಸ್ಲೇಟು ಒರೆಸಿ, ಒಂದೇ ಪದ ಬರೆದರು: ‘ತೆಗೆಸು.’

“ಎಂತಕ್ಕೆ?” ಎಂದರು ಸುಶೀಲಕ್ಕ. “ಅರ್ಧನಾದ್ರೂ ಇರ್ಲಿ. ಎರಡು ವರ್ಷಾತು ಈ ಮನೇಲಿ ಆನೊಬ್ಳೇ ಮಾತಾಡ್ತಾ ಇಪ್ಪುದು. ಯಂಗೆ ಅರ್ಧ ಸಾಕು.”

ಮಾಸ್ತರರು ಸ್ಲೇಟನ್ನು ಅವರತ್ತಲೂ ತಿರುಗಿಸಿ ಹಾಗೇ ಹಿಡಿದುಕೊಂಡರು. ನಾನು ಅಲ್ಲೇ ಕೂತು ಕಾಯಾರಿಗೆ ಬರೆದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು, ತೆಗೆದಾಯಿತು ಎಂದು. ಫೋನಿನಲ್ಲಿದ್ದುದನ್ನು ನಾನು ಅಳಿಸಿದೆ. ಕ್ಯಾಸೆಟ್ಟುಗಳು ಇವೆ, ಅವುಗಳಲ್ಲಿ ಕೃಷ್ಣ ಇದ್ದಾನೆ, ಭೀಷ್ಮ ಇದ್ದಾನೆ. ಚಾ ಕೇಳುವವರು ಯಾರೂ ಇಲ್ಲ.

ಸುಶೀಲಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. “ತಮಾ,” ಎಂದರು, ನನ್ನತ್ತ ನೋಡದೆ. “ಮಷಿನ್ ಬ್ಯಾಡ. ನೀನೇ ಒಂದ್ಸಲ ಹೇಳು. ಇವ್ರು ಇಲ್ಲಿ ಕುತ್ಗಂಡು ಚಾ ಕೇಳ್ತಿದ್ದ, ಹಾಂಗೆ.”

ಮಾಸ್ತರರನ್ನು ನೋಡಿದೆ. ಅವರು ರಸ್ತೆ ನೋಡುತ್ತಿದ್ದರು. ಹೂಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಏನೂ ಸೇರಿಸದೆ, ಏನೂ ದೊಡ್ಡದು ಮಾಡದೆ, ಜೀವಮಾನದಲ್ಲಿ ಮೊದಲ ಸಲ ಅವರ ಹಾಗೆ ಹೇಳಿದೆ.

“ಸುಶೀಲಾ, ಚಾ ಆತನೇ?”

ಸುಶೀಲಕ್ಕ “ಈಗ ತಂದೆ” ಎಂದು ಎದ್ದು ಒಳಗೆ ಹೋಗಿಯಾಗಿತ್ತು. ಗ್ಯಾಸು ಹೊತ್ತಿದ ಸದ್ದು ಬಂತು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ. ಹಾಲು ಉಕ್ಕಿದ ವಾಸನೆ ಬಂತು.

ಅವರು ಬಂದಾಗ ಕೈಯಲ್ಲಿ ಒಂದೇ ಲೋಟ ಇತ್ತು. ನಮ್ಮಿಬ್ಬರ ನಡುವೆ ನಿಂತರು. ಯಾರ ಮುಂದೆ ಇಡಬೇಕೆಂದು ತಿಳಿಯದೆ ಅವರ ಕಣ್ಣು ಒಮ್ಮೆ ಅತ್ತ, ಒಮ್ಮೆ ಇತ್ತ ಹೋಯಿತು.

ಮಾಸ್ತರರು ಸ್ಲೇಟಿನ ಮೇಲೆ ಬರೆದು ಅವರಿಗೆ ತೋರಿಸಿದರು: ‘ಅವನಿಗೆ ಕೊಡು.’

ಸಕ್ಕರೆ ಇರಲಿಲ್ಲ. ಪೂರ್ತಿ ಕುಡಿದೆ.